ಗೇರಪ್ಪನನ್ನು ಗಾಡಿಯಿಂದ ಇಳಿಸಿದ್ದು

ಜುಲೈ 2, 2025. ಬುಧವಾರ. ಬೆಳಿಗ್ಗೆ 11

ಕುತ್ತಿಗೆ ಹಿಡಿದಿದೆ. ಕಾಲರ್ ಬೆಲ್ಟ್ ಹಾಕಿಕೊಂಡೇ ಕಾರ್ಟೂನಿನ ಎರಡು ಚೌಕ ಮುಗಿಸಿದೆ. ಇನ್ನೆರಡು ಮಧ್ಯಾಹ್ನದೊಳಗೆ ಆಗಬೇಕು. ಇಪ್ಪತ್ತೇಳು ವರ್ಷದಿಂದ ಬುಧವಾರ ಎಂದರೆ ಇದೇ — ಗೇರಪ್ಪ, ಬ್ರೇಕಯ್ಯ, ಒಂದು ಬೈಕು, ಮುಂದೆ ಒಂದು ಗುಂಡಿ. ಗೇರಪ್ಪ ಓಡಿಸುತ್ತಾನೆ. ಬ್ರೇಕಯ್ಯ ಹಿಂದೆ ಕೂತು ಹೆದರುತ್ತಾನೆ. ಅಷ್ಟನ್ನೇ ಸಾವಿರದ ನಾನೂರು ಸಲ ಬರೆದಿದ್ದೇನೆ.

ಧನ್ಯಶ್ರೀ ಫೋನ್. ವಾರಪತ್ರಿಕೆಯಲ್ಲಿ ಈಗ ನನ್ನ ಕಾರ್ಟೂನ್ ನೋಡಿಕೊಳ್ಳುವ ಹುಡುಗಿ. ಇನ್ನು ಮೇಲೆ ಚೌಕಗಳು ಪಕ್ಕಪಕ್ಕ ಬೇಡವಂತೆ. ಒಂದರ ಕೆಳಗೊಂದು ಬೇಕಂತೆ. ಜನ ಫೋನಿನಲ್ಲೇ ನೋಡುವುದಂತೆ.

"ಬೈಕು ಅಡ್ಡಕ್ಕೆ ಓಡ್ಬೇಕಮ್ಮ. ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಹೋಗುತ್ತಾ?"

"ಸಾರ್, ಸೂಪರ್. ಇದನ್ನೇ ಡೈಲಾಗ್ ಮಾಡಿ."

ಮಾಡಿದೆ. ಬೇರೆ ಏನೂ ಹೊಳೆದಿರಲಿಲ್ಲ.

ಜುಲೈ 5, ಶನಿವಾರ

ನಂದಿನಿ ಲೇಔಟ್‌ನಿಂದ ಒಂದು ಮೇಲ್. ಆರನೇ ಕ್ಲಾಸಿನ ಹುಡುಗಿ. "ಅಂಕಲ್, ಗೇರಪ್ಪ ಗಾಡಿಯನ್ನು ಯಾಕೆ ಒದೆಯುತ್ತಾನೆ? ಅದು ಏನು ತಪ್ಪು ಮಾಡಿದೆ?"

ಅವಳ ಮನೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಇರಬೇಕು. ಕಿಕ್ಕರ್ ಎಂದರೇನು ಎಂದು ಬರೆಯಲು ಕೂತೆ. ನಾಲ್ಕು ಸಾಲು ಬರೆದು ನಿಲ್ಲಿಸಿದೆ. ಕಣ್ಣು ಉರಿ.

ಜುಲೈ 7, ಸೋಮವಾರ

ಧನ್ಯಶ್ರೀ ಮನೆಗೇ ಬಂದಿದ್ದಳು. ಪುಸ್ತಕ ಮಾಡುತ್ತಾರಂತೆ. ಇನ್ನೂರು ಕಾರ್ಟೂನ್ ಆರಿಸಿ, ಒಳ್ಳೆಯ ಕಾಗದದಲ್ಲಿ. ಅಕ್ಟೋಬರ್‌ನಲ್ಲಿ ಬಿಡುಗಡೆ. ಅರವತ್ತೊಂದನೇ ವಯಸ್ಸಿಗೆ ಮೊದಲ ಪುಸ್ತಕ. ಖುಷಿ ಆಗಬೇಕಿತ್ತು. ಆಯಿತೋ ಏನೋ. ಹೇಳಲು ಬರುತ್ತಿಲ್ಲ.

"ಕವರ್‌ಗೆ ಸೌತೆಕಾಯಿದು ಹಾಕ್ತೀವಿ ಸಾರ್."

"ಯಾವುದು?"

"ಅದೇ, ಹೆಂಡ್ತಿ ಬಿದ್ದೋಗಿರ್ತಾಳಲ್ಲ. ಅದಿಲ್ದೆ ಇರೋ ಫೋನ್ ಉಂಟಾ ಸಾರ್?"

ನನ್ನ ಹೆಂಡತಿ ಕುಸುಮಾ ಕಾಫಿ ತಂದವಳು ಲೋಟ ಇಟ್ಟು ಕೂರದೆ ಒಳಗೆ ಹೋದಳು.

ಆ ಕಾರ್ಟೂನ್ ಹೀಗಿದೆ. ಗೇರಪ್ಪ ಅವತ್ತು ಬ್ರೇಕಯ್ಯನನ್ನು ಬಿಟ್ಟು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದಾನೆ. ರಸ್ತೆಯ ಹಂಪಿನಲ್ಲಿ ಗಾಡಿ ಹಾರುತ್ತದೆ, ಅವಳು ಬೀಳುತ್ತಾಳೆ. ಅವನಿಗೆ ಗೊತ್ತಿಲ್ಲ. ಮುಂದಿನ ತಿಂಗಳು ಸೀರೆ ಕೊಡಿಸ್ತೀನಿ, ನಿಮ್ಮ ತಾಯಿ ಮನೆಗೆ ಕರ್ಕೊಂಡು ಹೋಗ್ತೀನಿ ಎಂದು ಹೇಳುತ್ತಲೇ ಹೋಗುತ್ತಾನೆ. "ಮದುವೆ ಆದಮೇಲೆ ಇವತ್ತೇ ಮೊದಲು ನೀನು ನನ್ನ ಮಾತಿಗೆ ಎದುರಾಡದೇ ಇರೋದು!" ಕೊನೆಯ ಚೌಕದಲ್ಲಿ ಹೆಂಡತಿ ಹಂಪಿನ ಪಕ್ಕ ಆರಾಮಾಗಿ ಕೂತು ಸೌತೆಕಾಯಿ ತಿನ್ನುತ್ತಿದ್ದಾಳೆ.

ಜನ ನಕ್ಕರು. ಇನ್ನೂ ನಗುತ್ತಿದ್ದಾರೆ.

ಹೋಗುವಾಗ ಧನ್ಯಶ್ರೀ ಬಾಗಿಲಲ್ಲಿ ನಿಂತು ಕೇಳಿದಳು. "ಸಾರ್, ಗೇರಪ್ಪ ನಿಜವಾದ ಮನುಷ್ಯ ಅಂತ ಹಳೇ ಸಂಚಿಕೇಲಿ ಓದಿದ್ದೆ. ಈಗ ಇದಾರಾ?"

"ಇದಾನೆ."

"ಹಾಗಾದ್ರೆ ಸ್ಟೇಜ್‌ಗೆ ಇಬ್ರೂ ಬೈಕಲ್ಲೇ ಬನ್ನಿ. ಸಖತ್ತಾಗಿರುತ್ತೆ."

ನೋಡೋಣ ಎಂದೆ. ಮಾತಾಡಿಸಿ ಹದಿನಾಲ್ಕು ವರ್ಷ ಆಯಿತು ಎಂದು ಹೇಳಲಿಲ್ಲ.

ಜುಲೈ 8, ಮಂಗಳವಾರ

ದೇವೇಂದ್ರಪ್ಪ. ಇವತ್ತಿಡೀ ಅವನೇ ತಲೆಯಲ್ಲಿ.

ಎಂಬತ್ತೊಂಬತ್ತರಲ್ಲಿ ರಾಜಾಜಿನಗರದ ಟೂಲ್ ಫ್ಯಾಕ್ಟರಿಗೆ ಸೇರಿದೆ, ಡ್ರಾಯಿಂಗ್ ಸೆಕ್ಷನ್‌ಗೆ. ಅವನು ಮೆಷಿನ್ ಶಾಪ್. ಇಬ್ಬರ ಮನೆಯೂ ಆಗ ವಿಜಯನಗರ. ಮೊದಲ ವಾರವೇ ಬಸ್ ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿ, "ಹತ್ತು ಗುರು, ಸೈರನ್ ಆಗುತ್ತೆ" ಎಂದ. ಹತ್ತಿದವನು ಇಪ್ಪತ್ತೆರಡು ವರ್ಷ ಇಳಿಯಲಿಲ್ಲ. ಗಾಡಿ ಕಲಿಯಲೂ ಇಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ.

ಅವನು ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಟ್ರಾಫಿಕ್ ಪೊಲೀಸಿನವನಿಗೆ, ಹಸುವಿಗೆ, ಸಿಗ್ನಲ್ ದೀಪಕ್ಕೆ. ಗೇರಪ್ಪನ ಮಾತೆಲ್ಲ ಅವನದು. ನಾನು ಮನೆಗೆ ಬಂದು ಬರೆದುಕೊಂಡೆ, ಅಷ್ಟೇ. ಮೊದಲ ಕಾರ್ಟೂನ್ ಬಂದ ದಿನ ಇಡೀ ಮೆಷಿನ್ ಶಾಪಿಗೆ ತೋರಿಸಿಕೊಂಡು ಓಡಾಡಿದ್ದ. "ಗೇರಪ್ಪ ನಾನೇ ಕಣ್ರೋ."

ಜುಲೈ 9, ಬುಧವಾರ

ತಡವಾಗಿ ಕಳಿಸಿದೆ. ಗುಂಡಿ, ಮಳೆ, ಗುಂಡಿ.

ಜುಲೈ 16, ಬುಧವಾರ. ಸಂಜೆ 5

ಧನ್ಯಶ್ರೀ ವಾಟ್ಸಾಪ್‌ನಲ್ಲಿ ಕವರ್ ಕಳಿಸಿದ್ದಾಳೆ. ಬಣ್ಣ ತುಂಬಿಸಿದ್ದಾರೆ. ಹೆಂಡತಿಗೆ ಗುಲಾಬಿ ಸೀರೆ. ಸೌತೆಕಾಯಿ ಹಸಿರು ಪಳಪಳ. ಫೋನ್ ಕವುಚಿ ಇಟ್ಟೆ.

ಎಲ್ಲೂ ಬರೆದಿಲ್ಲ. ಇಲ್ಲಿಯಾದರೂ ಬರೆದುಬಿಡಬೇಕು.

2011. ಹೇರೋಹಳ್ಳಿಯಲ್ಲಿ ದೇವೇಂದ್ರನ ಹೆಂಡತಿ ವರಲಕ್ಷ್ಮಿಯ ಅಣ್ಣನ ಗೃಹಪ್ರವೇಶ. ಮುಗಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ವಾಪಸ್. ಸಂಜೆ ಏಳು. ರಸ್ತೆ ಅಗೆದು ಹಾಕಿದ್ದರು. ಮಣ್ಣಿನ ಮಧ್ಯೆ ಬಣ್ಣ ಹಚ್ಚದ ಒಂದು ಹಂಪ್. ಒಂದೇ ಕಡೆ ಕಾಲು ಹಾಕಿ ಕೂತಿದ್ದ ವರಲಕ್ಷ್ಮಿ ಬಿದ್ದಳು. ಅವನಿಗೆ ಗೊತ್ತಾಗಲಿಲ್ಲ. ಮಾತಾಡಿಕೊಂಡೇ ಸುಮನಹಳ್ಳಿ ಸೇತುವೆಯವರೆಗೆ ಬಂದ. ಸಿಗ್ನಲ್‌ನಲ್ಲಿ ತಿರುಗಿ ನೋಡಿದರೆ ಸೀಟು ಖಾಲಿ. ವಾಪಸ್ ಹುಡುಕಿಕೊಂಡು ಹೋಗುವಷ್ಟರಲ್ಲಿ ನಲವತ್ತು ನಿಮಿಷ. ಸೊಂಟದ ಮೂಳೆ ಮುರಿದಿತ್ತು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ. ಅತ್ತ. ಅವನು ಅತ್ತದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಯಾರಿಗೂ ಹೇಳ್ಬೇಡ ಕಣೋ."

ಮೂರು ವಾರದ ನಂತರ ಒಂದು ಬುಧವಾರ. ಬೆಳಗಿನಿಂದ ಏನೂ ಹೊಳೆಯಲಿಲ್ಲ. ಪತ್ರಿಕೆಯಿಂದ ಫೋನ್ ಮೇಲೆ ಫೋನ್. ಪೆನ್ಸಿಲ್ ಹಿಡಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ನನ್ನ ಕೈಯಿಂದ ಅಷ್ಟು ಸಲೀಸಾಗಿ ಬಂದ ಚಿತ್ರ ಇನ್ನೊಂದಿಲ್ಲ.

ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಗೇರಪ್ಪ ಯಾರು ಎಂದು ಇಡೀ ಫ್ಯಾಕ್ಟರಿಗೆ ಗೊತ್ತಿತ್ತು. ಸಂಚಿಕೆ ಬಂದ ದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಗೇಟಿನಲ್ಲಿ ಅವನ ಖಾಲಿ ಹಿಂದಿನ ಸೀಟಿಗೆ ಯಾರೋ ಕೈ ಮುಗಿದರಂತೆ — "ನಮಸ್ಕಾರ ಅಕ್ಕ, ಇದೀರಾ?" ಸುತ್ತ ಎಲ್ಲರೂ ನಕ್ಕರಂತೆ.

ಅದರ ಮರುದಿನ ಬಸ್ ಸ್ಟಾಪಿನಲ್ಲಿ ಕಾದೆ. ಗಾಡಿ ಬರಲಿಲ್ಲ.

ಎರಡು ಸಲ ಮನೆ ಹತ್ತಿರ ಹೋದೆ. ಒಂದು ಸಲ ಬೀಗ. ಇನ್ನೊಂದು ಸಲ ಒಳಗೆ ದೀಪ ಇತ್ತು, ಬಾಗಿಲು ತೆರೆಯಲಿಲ್ಲ. ಮೂರನೇ ಸಲ ಹೋಗಬಹುದಿತ್ತು. ಹೋಗಲಿಲ್ಲ. ಆಮೇಲೆ ಮನೆ ಬದಲಾಯಿಸಿದರು ಎಂದು ಕೇಳಿದೆ. ನಾನೂ ಬಸವೇಶ್ವರನಗರಕ್ಕೆ ಬಂದೆ. ಗೇರಪ್ಪ ಮಾತ್ರ ವಾರವಾರ ಬರುತ್ತಲೇ ಇದ್ದ.

ಜುಲೈ 17, ಗುರುವಾರ

ಕುಸುಮಾಗೆ ಕವರ್ ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಅವ್ರನ್ನ ಕೇಳಿದ್ರಾ?"

"ಎಲ್ಲಿದಾರೋ ಏನೋ."

"ಕೆಂಗೇರಿ ಉಪನಗರ. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ, ಮೊದಲನೇ ಮಹಡಿ."

ಅವಳ ಮುಖ ನೋಡಿದೆ. ಪಾತ್ರೆ ಒರೆಸುತ್ತಲೇ ಹೇಳಿದಳು. "ಪ್ರತಿ ವರ್ಷ ವರಮಹಾಲಕ್ಷ್ಮಿಗೆ ಹೋಗಿ ತಾಂಬೂಲ ತಗೊಂಡು ಬರ್ತೀನಿ. ಅವ್ಳು ಕರೀತಾಳೆ."

"ನನಗೆ ಹೇಳ್ಲೇ ಇಲ್ಲ."

"ನೀವು ಕೇಳ್ಲಿಲ್ಲ."

ಹದಿನಾಲ್ಕು ವರ್ಷ. ಹಬ್ಬದ ದಿನ ಇವಳು ಎಲ್ಲಿಗೆ ಹೋಗುತ್ತಾಳೆ ಎಂದು ಒಂದು ಸಲವೂ ಕೇಳಿರಲಿಲ್ಲ ನಾನು.

ಜುಲೈ 20, ಭಾನುವಾರ

ಹೋಗಲಿಲ್ಲ. ಕುತ್ತಿಗೆ ನೋವು.

ಜುಲೈ 27, ಭಾನುವಾರ

ಮೂಡಲಪಾಳ್ಯದ ಡಾಕ್ಟರ ಹತ್ತಿರ ಹೋಗಿದ್ದೆ. ಬಗ್ಗಿ ಕೂರುವುದು ಕಡಿಮೆ ಮಾಡಿ ಎಂದರು. ಕೆಂಗೇರಿಗೆ ಹೋಗಲಿಲ್ಲ. ಇದಕ್ಕೆ ಕುತ್ತಿಗೆ ಕಾರಣ ಅಲ್ಲ.

ಆಗಸ್ಟ್ 9, ಶನಿವಾರ. ಬೆಳಿಗ್ಗೆ 6

ನಿನ್ನೆಯದು ಬರೆಯುತ್ತಿದ್ದೇನೆ.

ವರಮಹಾಲಕ್ಷ್ಮಿ ಹಬ್ಬ. ನಮ್ಮ ಮನೆಯ ಪೂಜೆ ಮುಗಿಸಿ ನಾಲ್ಕು ಗಂಟೆಗೆ ಕುಸುಮಾ ಸೀರೆ ಬದಲಾಯಿಸಿದಳು. "ಬರ್ತೀರಾ?" ಎಂದು ಕೇಳಲಿಲ್ಲ. ನನ್ನ ಶರ್ಟ್ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದಳು. ಹಾಕಿಕೊಂಡೆ.

ಆಟೋದಲ್ಲಿ ವಿಜಯನಗರ, ಅಲ್ಲಿಂದ ಮೆಟ್ರೋ. ಹಬ್ಬದ ಜನ, ಹೂವಿನ ವಾಸನೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೆಂಗೇರಿಯಲ್ಲಿ ಇಳಿಯುವಷ್ಟರಲ್ಲಿ ಒಂದೂ ನೆನಪಿಲ್ಲ.

ವರಲಕ್ಷ್ಮಿಯೇ ಬಾಗಿಲು ತೆಗೆದಳು. ಕೂದಲು ಪೂರ್ತಿ ಬೆಳ್ಳಗೆ. ಕೈಯಲ್ಲಿ ಊರುಗೋಲು. ಕುಸುಮಾಳ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

"ಗಿರಿಯಣ್ಣ, ಚಪ್ಪಲಿ ಒಳಗೇ ಬಿಡಿ. ನಾಯಿ ಎತ್ಕೊಂಡು ಹೋಗುತ್ತೆ."

ಮೊನ್ನೆ ಮೊನ್ನೆ ಬಂದು ಹೋದವನಿಗೆ ಹೇಳಿದ ಹಾಗೆ.

ದೇವೇಂದ್ರ ಟಿವಿ ಮುಂದೆ ಕೂತಿದ್ದ. ತೆಳ್ಳಗಾಗಿದ್ದಾನೆ. "ಬಾ" ಎಂದ. ಟಿವಿಯ ಸದ್ದು ತಗ್ಗಿಸಿದ. ಆರಿಸಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಏನು ಬರುತ್ತಿತ್ತೋ ಗೊತ್ತಿಲ್ಲ.

ಅಕ್ಕಪಕ್ಕದ ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಂಡು ಹೋದರು. ವರಲಕ್ಷ್ಮಿ ನನ್ನ ಕೈಗೆ ಕೋಸಂಬರಿಯ ದೊನ್ನೆ ಕೊಟ್ಟು ಎದುರಿಗೆ ನಿಧಾನವಾಗಿ ಕೂತಳು. ಕೂರುವುದಕ್ಕೆ ಅವಳಿಗೆ ಎಷ್ಟೋ ಹೊತ್ತು ಹಿಡಿಯಿತು.

"ಅಣ್ಣ, ಒಂದು ಕೇಳ್ಬೇಕು ಅಂತಿದ್ದೆ. ಆ ಸೌತೆಕಾಯಿ ಎಲ್ಲಿಂದ ಬಂತು?"

ಅರ್ಥವಾಯಿತು. ಆದರೂ ಯಾವುದು ಎಂದೆ.

"ನಿಮ್ಮ ಚಿತ್ರದಲ್ಲಿ. ನಾನು ಕೂತ್ಕೊಂಡು ತಿಂತಾ ಇದೀನಲ್ಲ. ನಾನು ಕೂತಿರ್ಲಿಲ್ಲ, ಬಿದ್ದಿದ್ದೆ. ತಾಂಬೂಲದ ತೆಂಗಿನಕಾಯಿ ಉರುಳ್ಕೊಂಡು ಮೋರಿಗೆ ಹೋಯ್ತು. ಲಾರಿಯೊಂದು ಇಷ್ಟು ಹತ್ರ ಬಂದು ಹೋಯ್ತು. ಆಮೇಲೆ ಆಸ್ಪತ್ರೇಲಿ ಪಕ್ಕದ ಬೆಡ್‌ನವರ ಮಗಳು ನಿಮ್ಮ ಪತ್ರಿಕೆ ತೋರ್ಸಿದ್ಲು. ಪಾಪ, ನಾನು ನಗ್ಲಿ ಅಂತ. ನೋಡ್ದೆ. ಎಲ್ಲ ಸರಿಯಾಗೇ ಇತ್ತು. ಸೌತೆಕಾಯಿ ಮಾತ್ರ ಎಲ್ಲಿಂದ ಬಂತು ಅಂತ ಗೊತ್ತಾಗ್ಲಿಲ್ಲ."

ಸುಳ್ಳು ಹೇಳಲು ಆಗಲಿಲ್ಲ. "ಬಿದ್ದೋರಿಗೆ ಏನೂ ಆಗಿಲ್ಲ ಅಂತ ಕಾಣ್ಬೇಕಿತ್ತು. ಇಲ್ದಿದ್ರೆ ಜನ ನಗಲ್ಲ. ಅದಕ್ಕೆ ಹಾಕಿದೆ."

ಅವಳು ಸ್ವಲ್ಪ ಯೋಚಿಸಿದಳು. "ಅಷ್ಟೇನಾ."

"ತಪ್ಪಾಯ್ತು ವರಲಕ್ಷ್ಮಿ."

ಪರವಾಗಿಲ್ಲ ಎನ್ನಲಿಲ್ಲ. ಸಿಟ್ಟೂ ಮಾಡಲಿಲ್ಲ. ಕೋಸಂಬರಿ ತಿನ್ನಿ ಎಂದಳು. ತಿಂದೆ.

ಪುಸ್ತಕದ ವಿಷಯ ಹೇಳಿದೆ. ಕವರ್ ತೋರಿಸಲಿಲ್ಲ, ಬಾಯಲ್ಲೇ ಹೇಳಿದೆ.

"ಹಾಕ್ಬೇಡಿ. ಫೋನಲ್ಲಿ ಇರೋದು ಇರ್ಲಿ, ಅದನ್ನ ಯಾರೂ ಹಿಡಿಯೋಕಾಗಲ್ಲ. ಪುಸ್ತಕಕ್ಕೆ ಬೇಡ. ಪುಸ್ತಕ ಮನೇಲಿ ಇಟ್ಕೋತಾರೆ."

ಆಗಲಿ ಎಂದೆ. ದೇವೇಂದ್ರ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಂದು ಹಾಕಿದ ರಾಡ್ ಸಡಿಲವಾಗಿದೆ, ಮುಂದಿನ ತಿಂಗಳು ಇನ್ನೊಂದು ಆಪರೇಷನ್ ಇದೆ ಎಂದು ವರಲಕ್ಷ್ಮಿ ಕುಸುಮಾಗೆ ಹೇಳುತ್ತಿದ್ದಳು.

ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡ. ಕುಸುಮಾ ಬೇಕೆಂದೇ ಮುಂದೆ ಮುಂದೆ ನಡೆದಳು.

"ಅವತ್ತು ನಿನಗೆ ಪೂರ್ತಿ ಹೇಳ್ಲಿಲ್ಲ" ಎಂದ. "ಸೀರೆ ಕೊಡಿಸ್ತೀನಿ ಅಂತಾನಲ್ಲ ನಿನ್ನ ಗೇರಪ್ಪ. ನಾನು ಹಾಗೆ ಅಂದಿರ್ಲಿಲ್ಲ ಕಣೋ. ಬೈತಾ ಇದ್ದೆ. ಅವಳ ಅಣ್ಣ ಊಟಕ್ಕೆ ನನ್ನ ಮೊದಲನೇ ಪಂಕ್ತೀಲಿ ಕೂರಿಸ್ಲಿಲ್ಲ ಅಂತ. ಹೇರೋಹಳ್ಳಿ ಬಿಟ್ಟಾಗಿಂದ ಬೈದೆ. ಉತ್ತರ ಬರ್ಲಿಲ್ಲ. ಮುನಿಸ್ಕೊಂಡಿದಾಳೆ ಅಂತ ಇನ್ನೂ ಬೈದೆ. ಅವಳ ಅಪ್ಪ ಅಮ್ಮನ್ನ ಸೇರಿಸ್ಕೊಂಡು. ಅವಳು ಅಲ್ಲಿ ಬಿದ್ದಿದಾಳೆ, ನಾನು ಇಲ್ಲಿ ಬೈತಾ ಇದೀನಿ. ಸುಮನಹಳ್ಳಿ ತನಕ."

ಮುಂದೆ ಕುಸುಮಾ ಒಂದು ಸಲ ತಿರುಗಿ ನೋಡಿ ಮತ್ತೆ ನಡೆದಳು.

"ನಿನ್ನ ಚಿತ್ರ ನೋಡಿ ಅವಳು ಆಸ್ಪತ್ರೇಲಿ ಕೇಳಿದ್ಲು. ನಿಜವಾಗ್ಲೂ ಸೀರೆ ಕೊಡಿಸ್ತೀನಿ ಅಂತ ಅಂದ್ರಾ ಅಂತ. ಹೂಂ ಅಂದೆ. ಇನ್ನೇನು ಹೇಳ್ಲಿ? ಆಮೇಲೆ ಕೊಡಿಸ್ದೆ ಕೂಡ. ನಿನ್ನ ಮುಖ ನೋಡಿದ್ರೆ ಅದೇ ನೆನಪಾಗೋದು. ಬಾಗಿಲು ತೆಗೀಲಿಲ್ಲ."

ಸ್ಟೇಷನ್ ಮೆಟ್ಟಿಲ ಹತ್ತಿರ ನಿಂತೆವು. ಪಾರ್ಕಿಂಗಿನಲ್ಲಿ ಸಾಲು ಸಾಲು ಬೈಕು. ಅವನು ಅತ್ತ ನೋಡಲಿಲ್ಲ.

"ಗೇಟಲ್ಲಿ ನಕ್ಕರಲ್ಲ, ಅವತ್ತಿಂದ ಗಾಡಿ ಮುಟ್ಟಿಲ್ಲ. ಆ ತಿಂಗಳೇ ಮಾರ್ಬಿಟ್ಟೆ. ಬಸ್ಸು, ಮೆಟ್ರೋ, ಇಲ್ಲಾಂದ್ರೆ ಕಾಲು. ನೀನು ಮಾತ್ರ ವಾರವಾರ ನನ್ನ ಹತ್ತಿಸ್ತೀಯ."

"ಓದ್ತೀಯಾ?"

"ಒಂದೂ ಬಿಟ್ಟಿಲ್ಲ." ನನ್ನ ಹೆಗಲ ಮೇಲೆ ಕೈ ಇಟ್ಟ, ತೆಗೆದ. "ಇಳಿಸಿಬಿಡು ಕಣೋ. ಸಾಕು ನನಗೆ."

ಆಗಸ್ಟ್ 11, ಸೋಮವಾರ

ಪತ್ರಿಕೆ ಆಫೀಸಿಗೆ ಹೋದೆ. ಸೌತೆಕಾಯಿದು ಕವರ್‌ಗೂ ಬೇಡ, ಒಳಗೂ ಬೇಡ ಎಂದೆ. ಧನ್ಯಶ್ರೀ ಕಣ್ಣು ಬಿಟ್ಟಳು.

"ಯಾಕೆ ಸಾರ್? ಅಪ್ರೂವ್ ಆಗೋಗಿದೆ."

"ಅದು ನನ್ನದಲ್ಲಮ್ಮ."

ಸ್ವರ ತಗ್ಗಿಸಿದಳು. "ಕಾಪಿನಾ ಸಾರ್?"

"ಹಾಗೇ ಅಂದ್ಕೊಳ್ಳಿ."

ಸಂಪಾದಕರ ಕೋಣೆಗೆ ಕರೆದರು. ನಯವಾಗಿಯೇ ಮಾತಾಡಿದರು. ಜನಕ್ಕೆ ಗೊತ್ತಿರುವುದೇ ಅದೊಂದು, ಅದಿಲ್ಲದಿದ್ದರೆ ಪುಸ್ತಕ ಕಷ್ಟ ಎಂದರು. ಸಾವಿರದ ನಾನೂರರಲ್ಲಿ ಅದೊಂದು. ಅವರು ಹೇಳಿದ್ದು ನಿಜ ಇರಬಹುದು. ಹಾಗಾದರೆ ಪುಸ್ತಕ ಬೇಡ ಎಂದೆ. ಇನ್ನೂ ಒಂದು ವಾರ ಯೋಚಿಸಿ ಎಂದರು. ಇಲ್ಲ ಸಾರ್, ಸುಸ್ತಾಗಿದೆ ಎಂದೆ.

ಅವರಿಗೆ ಏನು ಅರ್ಥವಾಯಿತೋ. ಎದ್ದು ಬಂದು ಕೈ ಕುಲುಕಿದರು.

ಆಗಸ್ಟ್ 13, ಬುಧವಾರ. ಮಧ್ಯಾಹ್ನ 2

ಮುಗಿಯಿತು. ಬೆಳಿಗ್ಗೆ ಏಳಕ್ಕೆ ಕೂತವನು.

ಒಂದು: ಗೇರಪ್ಪ ಗಾಡಿಯನ್ನು ಪಕ್ಕಕ್ಕೆ ತೆಗೆದು ಸ್ಟ್ಯಾಂಡ್ ಹಾಕುತ್ತಾನೆ. ಬ್ರೇಕಯ್ಯ: "ಏನಾಯ್ತೋ? ಪೆಟ್ರೋಲಾ?"

ಎರಡು: "ಇದೆ. ನನಗೆ ಸಾಕಾಯ್ತು."

ಮೂರು: ಗೇರಪ್ಪ ಇಳಿಯುತ್ತಾನೆ. ಇದೇ ಕಷ್ಟವಾದದ್ದು. ಇಪ್ಪತ್ತೇಳು ವರ್ಷ ಅವನನ್ನು ಕೂತಂತೆಯೇ ಬರೆದಿದ್ದೇನೆ. ನಿಂತರೆ ಎಷ್ಟು ಎತ್ತರ, ಹೇಗೆ ಕಾಲು ಊರುತ್ತಾನೆ, ನನಗೇ ಗೊತ್ತಿಲ್ಲ. ಆರು ಸಲ ಅಳಿಸಿದೆ. ಕೊನೆಗೆ ಮೊನ್ನೆ ಸ್ಟೇಷನ್‌ನಿಂದ ವಾಪಸ್ ನಡೆದುಹೋದವನ ಬೆನ್ನು ಕಣ್ಣ ಮುಂದೆ ತಂದುಕೊಂಡೆ. ಅದನ್ನೇ ಬರೆದೆ. ಬರೆದ ಮೇಲೆ ಭಯವಾಯಿತು — ಮತ್ತೆ ಅವನದನ್ನೇ ತೆಗೆದುಕೊಂಡೆನಲ್ಲ.

ಈ ಸಲ ಕೇಳಿದೆ. ಫೋಟೋ ತೆಗೆದು ಕುಸುಮಾಳ ಫೋನಿನಿಂದ ವರಲಕ್ಷ್ಮಿಗೆ ಕಳಿಸಿದೆ. ಹಾಕಬಹುದಾ ಎಂದು ಇಬ್ಬರೂ ನೋಡಿ ಹೇಳಿ ಎಂದು ಬರೆದೆ. ಒಂದು ಗಂಟೆ ಏನೂ ಬರಲಿಲ್ಲ. ಆಮೇಲೆ ಒಂದೇ ಪದ. "ಹಾಕಿ."

ನಾಲ್ಕನೆಯ ಚೌಕದಲ್ಲಿ ಮಾತಿಲ್ಲ. ಇಬ್ಬರೂ ನಡೆದು ಹೋಗುತ್ತಿದ್ದಾರೆ. ಇದೇ ಕೊನೆಯದು ಎಂದು ಬರೆದು ಕಳಿಸಿಬಿಟ್ಟೆ.

ಆಗಸ್ಟ್ 24, ಭಾನುವಾರ

ಸಂಚಿಕೆ ಬಂದು ಮೂರು ದಿನ. ಅರ್ಧ ಪುಟ ವಿದಾಯದ ಮಾತು ಹಾಕಿದ್ದಾರೆ. ಧನ್ಯಶ್ರೀ ಓದುಗರ ಕಾಮೆಂಟ್ ಕಳಿಸಿದಳು. "ಜೋಕ್ ಎಲ್ಲಿ?" "ಅಜ್ಜನಿಗೆ ವಯಸ್ಸಾಯ್ತು." "ನಮ್ಮಪ್ಪ ಇದನ್ನ ನೋಡಿ ಸುಮ್ನೆ ಕೂತ್ರು." ಯಾರೋ ಅದರ ಕೆಳಗೆ ಸೌತೆಕಾಯಿದನ್ನು ಹಾಕಿದ್ದಾರೆ. ಇನ್ನೂರು ಜನ ನಕ್ಕಿದ್ದಾರೆ.

ನೋಡಿದೆ. ಫೋನ್ ಇಟ್ಟು ಮಲಗಿದೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಬೀದಿಯಲ್ಲಿ ಮೈಕು. ಮೊದಲ ಸಲ ಬುಧವಾರ ಖಾಲಿ ಎಂದರೆ ಸುಳ್ಳು, ಹೋದ ವಾರವೂ ಖಾಲಿಯೇ. ಇವತ್ತು ಗೊತ್ತಾಯಿತು, ಅಷ್ಟೇ. ಕುಸುಮಾ ಕಡುಬಿಗೆ ಕಾಯಿ ತುರಿಯಲು ಕೊಟ್ಟಳು. ತುರಿದೆ. ಕುತ್ತಿಗೆ ಅದಕ್ಕೂ ನೋಯುತ್ತದೆ.

ಸೆಪ್ಟೆಂಬರ್ 1, ಸೋಮವಾರ

ದೇವೇಂದ್ರನ ಫೋನ್. ಕಾರ್ಟೂನ್ ಬಗ್ಗೆ ಒಂದು ಮಾತೂ ಇಲ್ಲ.

"ಗುರುವಾರ ಬಿಡುವಿದ್ಯೇನೋ?"

"ಇದೆ."

"ಅವಳ ಆಪರೇಷನ್ನು. ಮೂರು ಗಂಟೆ ಹೊತ್ತು ಅಂತಾರೆ. ಒಬ್ಬನೇ ಕೂರೋಕೆ..." ಅಲ್ಲಿಗೇ ನಿಲ್ಲಿಸಿದ.

"ಬರ್ತೀನಿ."

ಸೆಪ್ಟೆಂಬರ್ 4, ಗುರುವಾರ. ಬೆಳಿಗ್ಗೆ 11.20. ಆಸ್ಪತ್ರೆ

ಎಂಟೂವರೆಗೆ ಒಳಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ವರಲಕ್ಷ್ಮಿ ಬಳೆ, ಸರ ಬಿಚ್ಚಿ ಕುಸುಮಾಳ ಕೈಗೆ ಕೊಟ್ಟಳು. ದೇವೇಂದ್ರನಿಗೆ ಏನೋ ಹೇಳಬೇಕು ಅನ್ನಿಸಿತ್ತು ಎಂದು ಕಾಣುತ್ತದೆ. ಸ್ಟ್ರೆಚರ್ ಹಿಡಿದುಕೊಂಡು ಬಾಗಿಲವರೆಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿದ. ಆ ಸೀರೆಯ ಮಾತೇ ಇರಬೇಕು. ಎಷ್ಟು ಹೇಳಿದನೋ ಗೊತ್ತಿಲ್ಲ. ಅವಳು "ಗೊತ್ತು ಬಿಡಿ" ಎಂದದ್ದು ಮಾತ್ರ ನನಗೂ ಕೇಳಿಸಿತು. ಬಾಗಿಲು ಮುಚ್ಚಿತು. ಅವನು ಅಲ್ಲೇ ನಿಂತಿದ್ದ. ಹೋಗಿ ಕರೆದುಕೊಂಡು ಬಂದು ಕೂರಿಸಿದೆ.

ಕುಸುಮಾ ಕಾಫಿ ತರಲು ಹೋಗಿದ್ದಾಳೆ. ನಾವಿಬ್ಬರೇ. ಈಗ ನನ್ನ ಡೈರಿಯ ಕಡೆ ಬಗ್ಗಿ ನೋಡಿದ.

"ಇದನ್ನೂ ಹಾಕ್ತೀಯಾ?"

"ಇಲ್ಲ."

"ಮತ್ತೆ ಬರೀತಾ ಇದೀಯಲ್ಲ."

"ಇದು ಯಾರಿಗೂ ಅಲ್ಲ ಕಣೋ. ನನಗೆ."

ಸರಿ ಎಂಬಂತೆ ತಲೆ ಆಡಿಸಿದ. ಸ್ವಲ್ಪ ಹತ್ತಿರ ಸರಿದು ಕೂತ. ಬಾಗಿಲು ತೆರೆಯಿತು. ನರ್ಸ್ ಕರೆಯುತ್ತಿದ್ದಾಳೆ — ವರಲಕ್ಷ್ಮಿ ಕಡೆಯವರು ಯಾರಿದೀರಾ — ದೇವೇಂದ್ರ ಎದ್ದಿದ್ದಾನೆ, ನನ್ನ ತೋಳು ಹಿಡಿದು ಎಳೆಯುತ್ತಿದ್ದಾನೆ, ಇಬ್ಬರೂ ಹೊರಟೆವು.